ಬೂದಿಮುಖನ ಪೀಠಿಕೆ

ನೈಲಾನ್ ನೂಲಿನ ತುದಿಗೆ ಬೆಂಕಿ ತಾಗಿಸಿದರೆ ಏಳುವ ವಾಸನೆ ಬಲೆ ಕಟ್ಟುವವರಿಗಷ್ಟೇ ಗೊತ್ತು. ಗಂಟು ಹಾಕಿ, ಉಳಿದ ನೂಲು ಕತ್ತರಿಸಿ, ಅದು ಬಿಚ್ಚಿಕೊಳ್ಳದ ಹಾಗೆ ಲೈಟರಿನಲ್ಲಿ ಸುಟ್ಟು ಹೆಬ್ಬೆರಳಿನಿಂದ ಒತ್ತಿಬಿಡುತ್ತೇವೆ. ಒತ್ತಿ ಒತ್ತಿ ನನ್ನ ಹೆಬ್ಬೆರಳಿಗೆ ಈಗ ಬಿಸಿ ತಿಳಿಯುವುದಿಲ್ಲ, ಮೂಗಿಗೆ ಮಾತ್ರ ತಿಳಿಯುತ್ತದೆ. ಕಳೆದ ವಾರ ಒಂದು ಹಗ್ಗ ಹುಡುಕಿಕೊಂಡು ಭಟ್ಕಳದ ಮಾವಿನಕುರ್ವೆ ಬಂದರದ ಹಳೇ ಬಲೆ ಶೆಡ್ಡಿಗೆ ಹೋಗಿದ್ದೆ. ಹೊರಗೆ ಜಡಿಮಳೆ. ಒಳಗೆ ನನಗೆ ಗುರುತಿಲ್ಲದ ನಾಲ್ಕಾರು ಜನ ಬಲೆ ಹರಡಿಕೊಂಡು ಕೂತಿದ್ದರು. ಅವರಲ್ಲೊಬ್ಬ ಲೈಟರ್ ಹಚ್ಚಿದ. ಆ ವಾಸನೆ ಬಂದದ್ದೇ ತಡ, ಬೂದಿಮುಖನ ಮಳೆಗಾಲ ಇಡಿಯಾಗಿ ಎದುರು ಬಂದು ನಿಂತಿತು.

ನಮಗೆ ಮಳೆಗಾಲವೆಂದರೆ ಸಮುದ್ರಕ್ಕೆ ರಜೆ, ಕೈಗೆ ರಜೆಯಿಲ್ಲ. ಜೂನಿನಲ್ಲಿ ಯಂತ್ರದ ಬೋಟುಗಳೆಲ್ಲ ದಡ ಸೇರಿ ತಾಡಪಾಲು ಹೊದ್ದು ಮಲಗುತ್ತವೆ. ಬಲೆಗಳು ಶೆಡ್ಡಿಗೆ ಬರುತ್ತವೆ. ನಮ್ಮದು ಸುತ್ತು ಬಲೆ. ಮೀನಿನ ಹಿಂಡನ್ನು ಸುತ್ತುಗಟ್ಟಿ ಕೆಳಗಿನಿಂದ ಬಿಗಿಯುವಂಥದ್ದು. ಬಿಡಿಸಿ ಹರಡಿದರೆ ಶೆಡ್ಡಿನ ಈ ಗೋಡೆಯಿಂದ ಆ ಗೋಡೆಗೆ ಮಡಿಕೆ ಮಡಿಕೆಯಾಗಿ ಬೀಳುತ್ತದೆ. ಅದರ ಒಂದೊಂದು ಕಣ್ಣೂ ನೋಡಬೇಕು. ಹರಿದದ್ದನ್ನು ಕಟ್ಟಬೇಕು, ಸವೆದದ್ದನ್ನು ಕತ್ತರಿಸಿ ಹೊಸ ತುಂಡು ಸೇರಿಸಬೇಕು. ನಾನು ಆರನೇ ಇಯತ್ತೆಗೆ ಶಾಲೆ ಬಿಟ್ಟು ಬೋಟು ಹತ್ತಿದವ. ಆವತ್ತಿನಿಂದ ಒಂದು ಮಳೆಗಾಲವೂ ಸುಮ್ಮನೆ ಕೂತು ಉಂಡಿಲ್ಲ. ತಾಂಡೇಲನಾದ ಮೇಲೂ, ಅಂದರೆ ಬೋಟು ನಡೆಸುವ ಯಜಮಾನಿಕೆ ನನ್ನ ಕೈಗೆ ಬಂದ ಮೇಲೂ, ಬೇರೆಯವರ ಜೊತೆ ನೆಲಕ್ಕೆ ಕೂತು ಸೂಜಿ ಹಿಡಿದಿದ್ದೇನೆ. ಹಿಡಿಯದ ತಾಂಡೇಲರೂ ಇದ್ದಾರೆ. ಅವರ ಬಲೆ ನಡು ಸಮುದ್ರದಲ್ಲಿ ಎಂತ ಹೇಳುತ್ತದೆ ಅಂತ ಅವರನ್ನೇ ಕೇಳಬೇಕು.

ಬಲೆ ಕೆಲಸದಲ್ಲಿ ಕಣ್ಣಿಗೂ ಕೈಗೂ ಬಿಡುವಿಲ್ಲ, ಕಿವಿ ಮಾತ್ರ ಖಾಲಿ. ಮೊದಲು ರೇಡಿಯೋ ಇತ್ತು. ಆ ವರ್ಷ ಮಾದೇವ ತನ್ನ ಮೊಬೈಲಿನಲ್ಲಿ ಒಂದು ಧಾರಾವಾಹಿ ತಂದ. ಮಾದೇವ ನಮ್ಮ ಬೋಟಿನ ಎಂಜಿನ್ ಡ್ರೈವರ್. ಪರದೇಶದ ಧಾರಾವಾಹಿ, ಮಾತು ಮಾತ್ರ ಕನ್ನಡಕ್ಕೆ ಬದಲಿಸಿದ್ದು. ಅದರ ನಾಯಕನ ಅಂಗೈಯಲ್ಲಿ ಮಿಂಚು ಹುಟ್ಟುತ್ತದೆ. ಅವನ ಹೆಸರು ಮಿಂಚುಗೈ. ಮಾದೇವ ಮೊಬೈಲನ್ನು ಖಾಲಿ ಬಕೆಟಿನೊಳಗೆ ಇಟ್ಟು ಬಕೆಟನ್ನು ಕಂಬಕ್ಕೆ ತೂಗುಹಾಕುತ್ತಿದ್ದ. ಹಾಗೆ ಮಾಡಿದರೆ ಶಬ್ದ ದೊಡ್ಡದಾಗಿ ಶೆಡ್ಡಿಗೆಲ್ಲ ಕೇಳುತ್ತಿತ್ತು. ಯಾರೂ ನೋಡುವಂತಿರಲಿಲ್ಲ, ಎಲ್ಲರೂ ಕೇಳುವವರೇ. ಬರೀ ಹೊಡೆದಾಟದ ಸದ್ದು ಬಂದಾಗ ಮಾದೇವ ಎದ್ದು ಬಕೆಟಿನೊಳಗೆ ಇಣುಕಿ, ಈಗ ಹಾರಿದ, ಈಗ ಕಟ್ಟಡ ಬಿತ್ತು ಎಂದು ವರದಿ ಕೊಟ್ಟು ಮತ್ತೆ ಕೂರುತ್ತಿದ್ದ.

ಮೊದಲಿಗೆ ನನಗೆ ಅದು ಬೇಡವಾಗಿತ್ತು. ಕೈಯಲ್ಲಿ ಮಿಂಚು ಇದ್ದವ ಮಳೆಗಾಲದಲ್ಲಿ ಲೈನಿಗೆ ಕರೆಂಟು ಕೊಡಲಿ ಎಂದಿದ್ದೆ. ಆದರೆ ಕಿವಿಗೆ ಬಾಗಿಲಿಲ್ಲವಲ್ಲ. ಕೆಲವೇ ಕಂತು ಮುಗಿಯುವಷ್ಟರಲ್ಲಿ ನಾನೂ ವಾದಕ್ಕೆ ಬಿದ್ದಿದ್ದೆ.

ಕಥೆ ಇಷ್ಟು. ಒಂದು ಊರಿನ ವಿದ್ಯುತ್ ಕಾರ್ಖಾನೆಯಲ್ಲಿ ಅಣ್ಣ ತಮ್ಮ ಇಬ್ಬರು ದುಡಿಯುತ್ತಿರುತ್ತಾರೆ. ಒಂದು ದಿನ ಕಾರ್ಖಾನೆಗೆ ಬೆಂಕಿ ಬೀಳುತ್ತದೆ. ಅಣ್ಣ ಕಡಿದ ತಂತಿಯನ್ನು ಬರಿಗೈಯಲ್ಲಿ ಹಿಡಿದು ಊರು ಉಳಿಸುತ್ತಾನೆ. ಅಲ್ಲಿಂದಲೇ ಅವನ ಕೈಗೆ ಮಿಂಚು ಬರುವುದು. ತಮ್ಮ ಬೆಂಕಿಯಲ್ಲಿ ಸತ್ತ ಅಂತ ಎಲ್ಲರೂ ತಿಳಿಯುತ್ತಾರೆ. ಮುಂದೆ ಮಿಂಚುಗೈ ಕಳ್ಳಕಾಕರನ್ನು ಹೊಡೆಯುತ್ತ ಹೋಗುವಾಗ ಬೂದಿ ಬಣ್ಣದ ಮುಖವಾಡ ಹಾಕಿದವನೊಬ್ಬ ಅಡ್ಡ ಬರುತ್ತಾನೆ. ಅವನೇ ಬೂದಿಮುಖ. ಯಾರು, ಎಲ್ಲಿಯವ, ಒಂದೂ ಹೇಳುವುದಿಲ್ಲ.

ಇದನ್ನು ಸಹಿಸದವರು ಸುಬ್ರಾಯಣ್ಣ. ಕುಮಟೆಯ ಹಿರೇಗುತ್ತಿಯವರು, ಬಲೆ ಕಟ್ಟುವುದರಲ್ಲಿ ನಮಗೆಲ್ಲ ಹಿರಿಯರು. ತಾಳಮದ್ದಳೆ ಎಲ್ಲಿದ್ದರೂ ಹೋಗಿ ಮುಂದಿನ ಸಾಲಿನಲ್ಲಿ ಕೂರುವ ಮನುಷ್ಯ. ವೇಷವಿಲ್ಲ, ಕುಣಿತವಿಲ್ಲ, ಕೂತು ಮಾತಿನಲ್ಲೇ ಯುದ್ಧ ಮಾಡುವ ಆ ಕಲೆಯ ಕಟ್ಟಳೆಯಿಂದಲೇ ಅವರು ಲೋಕವನ್ನು ಅಳೆಯುತ್ತಿದ್ದರು. ತಾಳಮದ್ದಳೆಯಲ್ಲಿ ಪಾತ್ರ ಮೊದಲು ಬಾಯಿ ತೆರೆದಾಗ ತನ್ನ ಪೀಠಿಕೆ ಹೇಳಬೇಕು. ತಾನು ಯಾರು, ಹಿಂದೆ ಎಂತ ನಡೆಯಿತು, ಈಗ ಯಾತಕ್ಕೆ ಬಂದೆ, ಎಲ್ಲ. ಆಮೇಲೆ ಜಗಳ.

"ಬಂದವ ಯಾರಂತ ಹೇಳೂದಿಲ್ಲ, ಎಂತಕ್ಕೆ ಬಂದೆ ಅಂತ ಹೇಳೂದಿಲ್ಲ, ಬಂದದ್ದೇ ಹೊಡೂಕೆ ಶುರು. ಅಂವ ಪಾತ್ರ ಅಲ್ಲ ಮಾರಾಯ, ಕುಡುಕ" ಎನ್ನುತ್ತಿದ್ದರು.

ಮಾದೇವ, ಪೂರ್ವಕಥೆ ಆಮೇಲೆ ಬಿಡಿಸ್ತಾ ಹೋಗ್ತ್ರು, ಈಗಿನ ಕ್ರಮ ಹಾಗೆ ಎಂದು ತಿಳಿಹೇಳುತ್ತಿದ್ದ. ಸುಬ್ರಾಯಣ್ಣ ಒಪ್ಪುತ್ತಿರಲಿಲ್ಲ. ಊಟ ಮುಗಿದ ಮೇಲೆ ಬಾಳೆ ಹಾಕಿದ ಹಾಗಾತು ಎನ್ನುತ್ತಿದ್ದರು.

ನನ್ನ ತಕರಾರು ಬೇರೆ. ಮಿಂಚುಗೈ ಮೊದಮೊದಲು ಗಟ್ಟಿ ಮನುಷ್ಯ. ಯಾರ ಸಹಾಯವೂ ಬೇಡ, ಯಾರಿಗೂ ತಲೆಬಾಗುವುದಿಲ್ಲ, ಹೇಳಿದ್ದು ಮಾಡಿ ತೋರಿಸುತ್ತಾನೆ. ನಡುವೆ ಒಂದು ಕಂತಿನಲ್ಲಿ ಇದ್ದಕ್ಕಿದ್ದಂತೆ ಊರವರ ಮುಂದೆ ನಿಂತು, ನಾನು ಒಬ್ಬನೇ ಏನೂ ಅಲ್ಲ ಎಂದು ಅಳುತ್ತಾನೆ. ನನಗೆ ಪಿತ್ತ ನೆತ್ತಿಗೇರಿತು. ಮೊನ್ನೆ ತನಕ ಕಲ್ಲಿನ ಹಾಗಿದ್ದವ ಇವತ್ತು ಹೀಗಾದರೆ ಆ ನಡುವೆ ಎಂತದು ನಡೆಯಿತು, ತೋರಿಸಬೇಕಲ್ಲ? ಅದೇ ಪಾತ್ರ ಬೆಳೆಯೂದು ತಾಂಡೇಲರೇ ಎಂದ ಮಾದೇವ. ಬೆಳೆಯೂಕೆ ಅದೆಂತ ಬಸಳೆ ಬಳ್ಳಿಯಾ ಎಂದೆ ನಾನು. ಶೆಡ್ಡು ನಕ್ಕಿತು.

ಶೆಡ್ಡಿನ ಆ ತುದಿಯಿಂದ ಒಂದು ದನಿ ಬಂತು. "ಮಾದೇವಾ, ನಿಮ್ಮ ತಾಂಡೇಲರಿಗೆ ಹೇಳು. ಬಳ್ಳಿಯಾದ್ರೂ ಬಾಗ್ತದೆ, ಕಲ್ಲು ಬಾಗೂದಿಲ್ಲ. ಬಾಗಿದ್ರೆ ಒಡೀತದೆ."

ನಗು ನಿಂತಿತು. ಹೇಳಿದವ ವಿನಾಯಕ, ನನ್ನ ಒಡಹುಟ್ಟಿದ ತಮ್ಮ. ನಾವಿಬ್ಬರೂ ಮಾತು ಬಿಟ್ಟು ಆರೇಳು ತಿಂಗಳಾಗಿತ್ತು.

ಅಪ್ಪ ತೀರಿಕೊಂಡಾಗ ವಿನಾಯಕ ಚಿಕ್ಕವ. ನಾನೇ ಬೋಟಿಗೆ ಕರೆದುಕೊಂಡು ಹೋದೆ, ನಾನೇ ಕಲಿಸಿದೆ. ಅವನಿಗೆ ಕಣ್ಣು ಚುರುಕು. ಹಾಗಾಗಿ ಬೋಟಿನ ಮೂತಿಯಲ್ಲಿ ನಿಂತು ನೀರಿನ ಬಣ್ಣ ನೋಡಿ ಮೀನಿನ ಹಿಂಡು ಗುರುತಿಸುವ ಕೆಲಸಕ್ಕೆ ಅವನನ್ನೇ ನಿಲ್ಲಿಸಿದೆ. ಹಿಂದಿನ ಹಂಗಾಮಿನ ನಡುವೆ ಒಂದು ಬೆಳಿಗ್ಗೆ ಅವನು ನಮ್ಮ ಬೋಟಿಗೆ ಬರಲಿಲ್ಲ. ಆಚೆ ಕಟ್ಟಿದ್ದ ಇನ್ನೊಬ್ಬರ ಬೋಟಿನ ಮೂತಿಯಲ್ಲಿ ನಿಂತಿದ್ದ. ನನಗೆ ಒಂದು ಮಾತು ಹೇಳಿರಲಿಲ್ಲ. ನಾನೂ ಕೇಳಲಿಲ್ಲ. ಕೇಳುವ ಜಾತಿಯವ ನಾನಲ್ಲ. ಅದರ ಬೆನ್ನಿಗೇ ಹೆಂಡತಿ ಮಕ್ಕಳನ್ನು ಕರೆದುಕೊಂಡು ಮುಟ್ಟಳ್ಳಿಯ ಮಾವನ ಮನೆಗೆ ಹೋದ. ಅವ್ವ ಮಾತ್ರ ದಿನಾ ಅನ್ನ ಬಡಿಸುವಾಗ, ಅಂವ ಉಂಡ್ನೋ ಇಲ್ವೋ ಎಂದು ಗೋಡೆಗೆ ಹೇಳುತ್ತಿದ್ದಳು.

ಆ ಮಳೆಗಾಲ ಅವನ ಹೊಸ ಬೋಟಿನ ಬಲೆ ಶೆಡ್ಡಿನ ಅರ್ಧಕ್ಕೆ, ನಮ್ಮದು ಇನ್ನರ್ಧಕ್ಕೆ. ಬೇರೆ ಶೆಡ್ಡು ಇರಲಿಲ್ಲ. ನಮ್ಮ ಬೋಟಿನ ಮೂತಿಯ ಜಾಗ ಖಾಲಿಯೇ ಇತ್ತು. ನೂಲಹುಣ್ಣಿಮೆಯೊಳಗೆ ಜನ ಗೊತ್ತುಮಾಡು ಎಂದು ಬೋಟಿನ ಮಾಲಕರು ಎರಡು ಸಲ ಹೇಳಿದ್ದರು. ನಾನು ಆತು ಆತು ಎನ್ನುತ್ತ ದಿನ ದೂಡುತ್ತಿದ್ದೆ. ನನ್ನ ಮನಸ್ಸಿನಲ್ಲಿ ಆ ಜಾಗಕ್ಕೆ ಒಬ್ಬನೇ ಇದ್ದ. ಅವನೇ ಬಂದು ಕೇಳಲಿ ಎಂದು ಕಾದಿದ್ದೆ.

ಇನ್ನೊಂದು ಕೆಲಸವೂ ಹಾಗೇ ಬಿದ್ದಿತ್ತು. ಬಲೆಯ ನಡುಭಾಗ ಸವೆದು ಹೊಸ ತುಂಡು ತಂದಿದ್ದೆವು. ಹಳೆಯದಕ್ಕೂ ಹೊಸದಕ್ಕೂ ಸೇರುವೆ ಹಾಕಲು ಇಬ್ಬರು ಎದುರುಬದುರು ಕೂತು, ಒಬ್ಬ ಎಳೆದು ಹಿಡಿಯಬೇಕು, ಇನ್ನೊಬ್ಬ ಕಟ್ಟಬೇಕು, ನಡುನಡುವೆ ಕೈ ಬದಲಿಸಬೇಕು. ಇಬ್ಬರ ಎಳೆತವೂ ಒಂದೇ ಆಗಿರಬೇಕು. ಒಬ್ಬನದು ಬಿಗಿ, ಇನ್ನೊಬ್ಬನದು ಸಡಿಲವಾದರೆ ಸೇರುವೆ ಸುಕ್ಕುಗಟ್ಟಿ, ಭಾರ ಬಿದ್ದಾಗ ಅಲ್ಲಿಂದಲೇ ಹರಿಯುತ್ತದೆ. ನನಗೆ ಕಲಿಸಿದ್ದು ಅಪ್ಪ, ಅವನಿಗೆ ನಾನು. ನನ್ನ ಎಳೆತವೂ ವಿನಾಯಕನ ಎಳೆತವೂ ಒಂದೇ ತೂಕ. ಮಾದೇವನ ಜೊತೆ ಕೂತು ನೋಡಿದೆ, ಬಿಚ್ಚಿದೆ. ಸುಬ್ರಾಯಣ್ಣನ ಜೊತೆ ಕೂತೆ, ಅದನ್ನೂ ಬಿಚ್ಚಿದೆ. ಹೊಸ ತುಂಡು ಮೂಲೆಯಲ್ಲಿ ಉಳಿಯಿತು.

ಹಾಗೆ ಮಿಂಚುಗೈಯ ನೆವದಲ್ಲಿ ನಮ್ಮ ಮಾತು ಶುರುವಾಯಿತು. ನೇರ ಅಲ್ಲ, ಮಾದೇವನ ತಲೆಯ ಮೇಲಿನಿಂದ. ಮಾದೇವ ಪಾಪ ನಡುವೆ ಕೂತು ಆ ಕಡೆ ಈ ಕಡೆ ಕುತ್ತಿಗೆ ತಿರುಗಿಸುತ್ತಿದ್ದ. ನನ್ನನ್ನೆಂತ ಅಂಚೆಡಬ್ಬಿ ಅಂದುಕೊಂಡ್ರಾ ಎಂದು ಒಮ್ಮೆ ಗೊಣಗಿದ.

ಬೂದಿಮುಖ ಯಾರೆಂಬುದನ್ನು ಮೊದಲು ಹೇಳಿದವ ವಿನಾಯಕನೇ. ಜುಲೈ ತಿಂಗಳ ಮಳೆ ತಗಡಿನ ಮೇಲೆ ಸುರಿಯುತ್ತಿತ್ತು. ಬಕೆಟಿನೊಳಗಿಂದ ಬೂದಿಮುಖ ಏನೋ ಗದರಿದ. ವಿನಾಯಕ ಸೂಜಿ ನಿಲ್ಲಿಸಿ ತಲೆಯೆತ್ತಿದ. ಈ ದನಿ ನಾವು ಮೊದಲೇ ಕೇಳಿದ್ದು ಎಂದ. ಮಾದೇವ ಹಿಂದಿನ ಕಂತು ಹಾಕಿದ. ಕಾರ್ಖಾನೆಗೆ ಬೆಂಕಿ ಬಿದ್ದಾಗ ತಮ್ಮ ಕೂಗುತ್ತಾನೆ, ಅಣ್ಣಾ, ಆ ತಂತಿ ಮುಟ್ಟಬೇಡ ಎಂದು. ಅದೇ ದನಿ. ಅದೇ ಎಳೆತ, ಅದೇ ಒರಟು. ಕೇಳಿ ಕೇಳಿ ಪಳಗಿದ ನಮ್ಮ ಕಿವಿಗಳಿಗೆ ಸಂಶಯವೇ ಉಳಿಯಲಿಲ್ಲ. ತಮ್ಮ ಸತ್ತಿಲ್ಲ. ಬೂದಿಮುಖನೇ ತಮ್ಮ.

ಆಮೇಲೆ ಶೆಡ್ಡು ಎರಡು ಪಕ್ಷವಾಯಿತು. ಬೂದಿಮುಖ ತಮ್ಮನೇ ಆದರೆ ಅವನು ಮಾಡುವುದೆಲ್ಲ ಸರಿ ಎಂದು ಒಂದು ಪಕ್ಷ. ತಮ್ಮನೇ ಆದರೆ ಅವನು ಮಾಡುವುದು ಇನ್ನೂ ತಪ್ಪು ಎಂದು ಇನ್ನೊಂದು. ಎರಡನೆಯದರ ಮುಖಂಡ ನಾನು. ಅಣ್ಣ ಹಗಲಿರುಳು ತಮ್ಮನನ್ನು ನೆನೆದು ಕೊರಗುತ್ತಾನೆ. ಬದುಕಿರುವವ ಒಮ್ಮೆ ಬಂದು ಮುಖ ತೋರಿಸಬಾರದೇ? ಮುಖವಾಡ ಹಾಕಿಕೊಂಡು ಎದುರು ನಿಲ್ಲುವುದು ಯಾವ ಶೂರತನ? ನಾನು ಕೇಳಿದ್ದು ಬೂದಿಮುಖನ ಬಗ್ಗೆಯೇ. ಆದರೆ ಶೆಡ್ಡಿನಲ್ಲಿ ಯಾರೂ ತಲೆಯೆತ್ತಲಿಲ್ಲ, ಸೂಜಿಗಳು ಮಾತ್ರ ಬೇಗ ಬೇಗ ಓಡಿದವು.

"ಬಂದು ಎಂತ ಮಾಡೂಕೆ ಅಂತ ಕೇಳು ಮಾದೇವಾ" ಎಂದ ವಿನಾಯಕ. "ಅಂವ ಹೋದದ್ದು ಎಂತಕ್ಕೆ ಅಂತ ಅವನ ಅಣ್ಣ ಒಂದು ದಿನ ಯೋಚನೆ ಮಾಡಿದ್ದು ಉಂಟಾ, ಅದನ್ನೂ ಕೇಳು."

ಮಾದೇವ ಎದ್ದು ಚಾ ತರಲು ಹೋದ.

ಹೀಗೆ ದಿನಗಳು ಹೋದವು. ಮನೆಯಲ್ಲಿ ಉಣ್ಣುವಾಗಲೂ ನನಗೆ ನಾಳೆ ಶೆಡ್ಡಿನಲ್ಲಿ ಎಂತ ಉತ್ತರ ಕೊಡಲಿ ಎಂಬುದೇ ಯೋಚನೆ. ಇವತ್ತು ಅವನು ಎಂತ ಹೇಳಿದ ಎಂದು ಅವ್ವ ಕೇಳುತ್ತಿದ್ದಳು. ಯಾರು ಎಂದು ನಾನು. ಬೂದಿಮುಖ ಎಂದು ಅವಳು. ಅವಳಿಗೆ ಧಾರಾವಾಹಿಯ ಒಂದಕ್ಷರ ಗೊತ್ತಿರಲಿಲ್ಲ. ಮಾದೇವನ ಹೆಂಡತಿಯಿಂದ ಸುದ್ದಿ ಮಾತ್ರ ಎಲ್ಲ ಮುಟ್ಟುತ್ತಿತ್ತು.

ವಾದಕ್ಕೆ ಕಲ್ಲು ಹಾಕಿದ್ದು ಇಮ್ತಿಯಾಜ್ ಭಾಯಿ. ಜಾಲಿಯಲ್ಲಿ ಅವರಿಗೆ ಬಲೆ ನೂಲು, ಹಗ್ಗ, ಬಲೆ ತೇಲಿಸುವ ಬೆಂಡಿನ ಅಂಗಡಿ. ಒಂದು ಮಧ್ಯಾಹ್ನ ನೂಲಿನ ಗಂಟು ತಂದವರು ಮಳೆಗೆ ಸಿಕ್ಕಿಬಿದ್ದು ನಮ್ಮ ಜಗಳ ಕೇಳುತ್ತ ಕೂತರು. ಸ್ವಲ್ಪ ಹೊತ್ತಿಗೆ ಅವರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಅವರು ಅದನ್ನು ಮನೆಯ ಟೀವಿಯಲ್ಲಿ ಹಿಂದಿಯಲ್ಲಿ ನೋಡಿದವರು. ಅಲ್ಲಿ ತಮ್ಮನ ದನಿ ಬೇರೆ, ಬೂದಿಮುಖನ ದನಿ ಬೇರೆ.

"ಅರೇ ಜಟ್ಟಣ್ಣ, ಕನ್ನಡದಲ್ಲಿ ದನಿ ಕೊಡೋ ಮನುಷ್ಯ ಒಬ್ನೇ" ಎಂದು ನನ್ನ ಕಡೆ ತಿರುಗಿದರು. "ಆ ಪೊಲೀಸ್ ಸಾಹೇಬರ ದನಿ ಕೇಳಿ, ಅದೂ ಅವನೇ. ಹೋಟೆಲಿನವನದ್ದೂ ಅವನೇ. ಹಾಗಾದ್ರೆ ಆ ಊರಲ್ಲಿ ಎಲ್ಲರೂ ಇವನ ತಮ್ಮಂದಿರಾ?"

ಮಾದೇವ ಬಕೆಟು ಇಳಿಸಿದ. ಅಷ್ಟು ದಿನಗಳಲ್ಲಿ ಮೊದಲ ಸಲ ಎಲ್ಲರೂ ಸೂಜಿ ಕೆಳಗಿಟ್ಟು ಮೊಬೈಲಿನ ಸುತ್ತ ತಲೆ ಕೂಡಿಸಿದೆವು. ತಮ್ಮ ಸಪೂರ, ಎತ್ತರದ ಆಳು. ಬೂದಿಮುಖ ಕುಳ್ಳ, ದಪ್ಪ, ಎಡಗೈಯವ. ಪೊಲೀಸ್ ಸಾಹೇಬ ಬಾಯಿ ತೆರೆದ. ಅದೇ ದನಿ, ಅದೇ ಎಳೆತ, ಅದೇ ಒರಟು.

ಶೆಡ್ಡು ಗೊಳ್ಳೆಂದಿತು. ನಮ್ಮನ್ನು ನೋಡಿ ನಾವೇ ನಕ್ಕದ್ದೂ ಹೌದು, ವಿನಾಯಕನನ್ನು ನೋಡಿ ನಕ್ಕದ್ದೂ ಹೌದು. ಎಂತ ಮಾರಾಯ, ಪೊಲೀಸನನ್ನೂ ತಮ್ಮ ಮಾಡಿಬಿಟ್ಟೆಯಲ್ಲ ಎಂದು ಒಬ್ಬ ಅವನ ಬೆನ್ನು ತಟ್ಟಿದ. ವಿನಾಯಕನೂ ನಗಲು ನೋಡಿದ. ಆಮೇಲೆ ತನ್ನ ತುದಿಗೆ ಹೋಗಿ ಕೂತು ಕೆಲಸಕ್ಕೆ ತಲೆ ಬಗ್ಗಿಸಿದ. ಮರುದಿನದಿಂದ ಬಕೆಟಿನಿಂದ ಯಾವ ದನಿ ಬಂದರೂ ಆ ಕಡೆಯಿಂದ ಮಾತಿಲ್ಲ. ನಾನು ಬೇಕೆಂದೇ ಒಂದೆರಡು ಬಾರಿ ಕೆಣಕಿದೆ. ಮಾದೇವನ ತಲೆಯ ಮೇಲಿನಿಂದ ಹೋದ ಮಾತು ಹಾಗೇ ಗೋಡೆಗೆ ತಾಗಿ ಬಿತ್ತು. ಎದುರು ಪಕ್ಷವೇ ಬಾಯಿ ಮುಚ್ಚಿದ್ದರಿಂದ ವಾದದಲ್ಲಿ ಗೆದ್ದವ ನಾನು. ಗೆದ್ದು ಸಿಕ್ಕಿದ್ದು ಮತ್ತೆ ಆ ಹಳೇ ಮೌನ. ಇಮ್ತಿಯಾಜ್ ಭಾಯಿಗೆ ಆವತ್ತು ಮಳೆ ಸಿಗದೆ ಹೋಗಿದ್ದರೆ ಒಳ್ಳೆಯದಿತ್ತು ಅಂತ ಅನಿಸಿದ್ದು ಸುಳ್ಳಲ್ಲ.

ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿಯಲು ಹೆಚ್ಚು ದಿನ ಇರಲಿಲ್ಲ. ದೊಡ್ಡ ಗಾಳಿ ಬಂದು ಎಲ್ಲೋ ಮರ ಬಿದ್ದು ಊರಿಗೆಲ್ಲ ಕರೆಂಟು ಹೋಯಿತು. ಮೊಬೈಲುಗಳು ಒಂದೊಂದಾಗಿ ಸತ್ತವು. ಮಧ್ಯಾಹ್ನವೇ ಶೆಡ್ಡಿನೊಳಗೆ ಕತ್ತಲು, ಬಲೆಯ ಕಣ್ಣು ಕಾಣುವುದಿಲ್ಲ. ಎಲ್ಲರೂ ಕೈ ಕಟ್ಟಿ ಕೂತಿದ್ದೆವು. ಆಗ ಸುಬ್ರಾಯಣ್ಣ ಒಂದು ಮೀನಿನ ಕ್ರೇಟನ್ನು ಬೋರಲು ಹಾಕಿ ಬೆರಳಿನಿಂದ ಬಡಿದು ನೋಡಿದರು. ಸದ್ದು ಅವರಿಗೆ ಹಿಡಿಸಿತು.

"ಈ ಮಳೆಗಾಲ ಇಡೀ ಒಬ್ಬನ ಪೀಠಿಕೆ ಬಾಕಿ ಉಳಿದದೆ" ಎಂದರು. "ಬೂದಿಮುಖನ ಪಾತ್ರ ಯಾರು ಮಾಡ್ತ್ರಿ?"

ಸುಬ್ರಾಯಣ್ಣ ವಿನಾಯಕನನ್ನೇ ನೋಡುತ್ತ ಕ್ರೇಟು ಬಡಿದರು. ಅಂವ ತಮ್ಮ ಅಲ್ಲ ಅಂತ ಆತಲ್ಲ, ಇನ್ನೆಂತ ಎಂದ ಅವನು. ಅದು ಅವರ ಬೂದಿಮುಖ, ನಮ್ಮ ಶೆಡ್ಡಿನ ಬೂದಿಮುಖ ತಮ್ಮನೇ ಎಂದರು ಸುಬ್ರಾಯಣ್ಣ. ಮಿಂಚುಗೈಯ ಪಾತ್ರ ಯಾರದೆಂದು ಅವರು ಕೇಳಲೇ ಇಲ್ಲ. ನನ್ನ ಮುಂದೆ ಒಂದು ಬೆಂಡಿನ ತುಂಡು ಇಟ್ಟು, ಇದು ನಿನ್ನ ಆಸನ ಎಂದರು. ಅಲ್ಲಿಯೇ ನಾಲ್ಕು ಸಾಲು ಪದ ಕಟ್ಟಿ ಎಳೆದು ಹಾಡಿದರು. ಬೂದಿ ಮೆತ್ತಿದವ ಬಂದು ನಿಂತ, ಊರು ನಡುಗಿತು ಎಂಬ ಅರ್ಥದ ಪದ. ಎಲ್ಲರೂ ನಗುತ್ತಿದ್ದರು. ವಿನಾಯಕನೂ ನಗುತ್ತಲೇ ಬಂದು ನನ್ನ ಎದುರು ಕಾಲು ಮಡಚಿ ಕೂತ.

ಶುರುವಿನಲ್ಲಿ ತಮಾಷೆಯೇ. ಗಂಟಲು ಸರಿಮಾಡಿಕೊಂಡು, ತಾಳಮದ್ದಳೆಯ ಅರ್ಥಧಾರಿಗಳ ಹಾಗೆ ಕೈ ಚಾಚಿ, ಎಲೈ ಪುರಜನರೇ ಎಂದ. ನನ್ನನ್ನು ಬೂದಿಮುಖನೆಂದು ಕರೆಯುವಿರಿ, ಪೊಲೀಸನ ಅಣ್ಣನೆಂದೂ ಹೋಟೆಲಿನವನ ತಮ್ಮನೆಂದೂ ನಗುವಿರಿ ಎಂದ. ಜನ ಬಿದ್ದು ಬಿದ್ದು ನಕ್ಕರು. ಆಮೇಲೆ ಅವನ ದನಿ ಇಳಿಯಿತು.

"ಆ ಕಾರ್ಖಾನೆಯಲ್ಲಿ ಅಣ್ಣನ ಸರಿಸಮ ದುಡಿದವನು ನಾನು. ಬೆಂಕಿಯನ್ನು ಮೊದಲು ಕಂಡವನು ನಾನು. ಕೂಗಿದವನು ನಾನು. ಆ ಕೂಗು ಕೇಳಿ ಅಣ್ಣ ಓಡಿ ಬಂದ, ತಂತಿ ಹಿಡಿದ, ಊರು ಉಳಿಯಿತು. ಊರು ಏನೆಂದಿತು? ಅಣ್ಣನ ಕಣ್ಣೇ ಕಣ್ಣು ಎಂದಿತು. ಅಣ್ಣ ಅಲ್ಲಿಯೇ ನಿಂತಿದ್ದ. ಅಲ್ಲ ಎನ್ನಲಿಲ್ಲ."

ಕ್ರೇಟಿನ ಸದ್ದು ನಿಂತಿತ್ತು.

"ಅಣ್ಣನ ಮೇಲೆ ನನಗೆ ದ್ವೇಷವಿಲ್ಲ. ಉಣ್ಣಿಸಿದವನು ಅವನೇ, ಕಲಿಸಿದವನು ಅವನೇ. ಆದರೆ ಆ ಊರಿನಲ್ಲಿ ನನಗೆ ಹೆಸರಿರಲಿಲ್ಲ. ಮಿಂಚುಗೈಯ ತಮ್ಮ, ಅಷ್ಟೇ. ನಾನು ಸತ್ತೆನೆಂದು ಸುದ್ದಿಯಾದಾಗ ಜನ ಮೊದಲ ಬಾರಿ ನನ್ನ ಹೆಸರು ಹಿಡಿದು ಅತ್ತರು. ಅದನ್ನು ಮರೆಯಲ್ಲಿ ನಿಂತು ಕೇಳಿದೆ. ಕೇಳಿದ ಮೇಲೆ ತಿರುಗಿ ಹೋಗುವ ಮನಸ್ಸಾಗಲಿಲ್ಲ."

ನನಗೆ ಆ ಶೆಡ್ಡು ಹೋಗಿ ನೇತ್ರಾಣಿ ದ್ವೀಪದ ಆಚೆಯ ನೀರು ಕಾಣಿಸಿತು. ಹಿಂದಿನ ಹಂಗಾಮಿನ ಒಂದು ಬೆಳಿಗ್ಗೆ. ಎಲ್ಲ ಬೋಟುಗಳೂ ಖಾಲಿ ಬಲೆ ಎಳೆದು ಹಿಂದಿರುಗುತ್ತಿದ್ದವು. ನಾನೂ ಬೋಟು ತಿರುಗಿಸಿದ್ದೆ. ಮೂತಿಯಲ್ಲಿದ್ದ ವಿನಾಯಕ ಕೈ ಎತ್ತಿ ಬಡಗಣಕ್ಕೆ ತೋರಿಸಿ ಕೂಗಿದ. ನನಗೆ ಏನೂ ಕಾಣಲಿಲ್ಲ. ಅವನ ಮಾತಿಗೆ ಬಲೆ ಬಿಟ್ಟೆ. ಬಂಗಡೆ, ಬೋಟು ತುಂಬಿ ಮಿಕ್ಕುವಷ್ಟು. ಬಂದರದಲ್ಲಿ ಜನ ಮುತ್ತಿಕೊಂಡು, ಜಟ್ಟಣ್ಣನ ಕಣ್ಣೆಂದರೆ ಕಣ್ಣು ಎಂದರು. ನನ್ನ ಕೈ ಹಿಡಿದು ಕುಲುಕಿದರು. ಯಾರೋ ಒಬ್ಬರು ವಿನಾಯಕನಿಗೆ, ಹೋಯ್, ಜಟ್ಟಣ್ಣನ ತಮ್ಮ, ಆ ಬುಟ್ಟಿ ಕೊಡು ಎಂದರು. ಅವನು ಬೇರೆ ಬೋಟು ಹತ್ತಿದ್ದು ಅದಾಗಿ ಸ್ವಲ್ಪ ದಿನಕ್ಕೇ. ಅವೆರಡನ್ನೂ ನಾನು ಅಲ್ಲಿಯ ತನಕ ಒಂದರ ಪಕ್ಕ ಒಂದು ಇಟ್ಟು ನೋಡಿರಲಿಲ್ಲ.

ತಾಳಮದ್ದಳೆಯಲ್ಲಿ ಎದುರಿನವ ಉತ್ತರ ಕೊಡದೆ ಕೂತರೆ ಸೋತ ಲೆಕ್ಕ. ಸುಬ್ರಾಯಣ್ಣ ಮೆಲ್ಲಗೆ ಎರಡು ಪೆಟ್ಟು ಹಾಕಿದರು. ಮಿಂಚುಗೈ, ನಿನ್ನ ಸರದಿ ಎಂದರು. ಸೋಲುವವ ನಾನಲ್ಲ. ಎಲವೋ ಬೂದಿಮುಖ ಎಂದು ದೊಡ್ಡ ದನಿಯಲ್ಲಿ ಶುರುಮಾಡಿದೆ. ಆದರೆ ಆ ಗ್ರಂಥದ ಮಾತು ನನಗೆ ಎರಡನೇ ಸಾಲಿಗೇ ಮುಗಿಯಿತು. ಉಳಿದದ್ದನ್ನು ನನ್ನ ಮಾತಿನಲ್ಲೇ ಹೇಳಿದೆ.

"ಊರು ಉಳಿದಾಗ ಅಣ್ಣನ ಹೆಸರು ಹೇಳ್ದ್ರು, ಹೌದು. ಸುಟ್ಟು ಹೋಗಿದ್ರೆ ಯಾರ ಹೆಸರು ಹೇಳ್ತಿದ್ರು? ತಮ್ಮ ನೋಡ್ಲಿಲ್ಲ ಅಂತ ಯಾರೂ ಹೇಳ್ತಿರ್ಲಿಲ್ಲ. ಅದೂ ಅಣ್ಣನ ತಲೆಗೇ. ಖಾಲಿ ಬಂದ ದಿನ ಬೈಗುಳ ತಿಂದವನೂ ಅಂವನೇ. ಅದನ್ನೂ ನಿನ್ನ ಪೀಠಿಕೆಗೆ ಸೇರ್ಸ್ಕೋ."

ಖಾಲಿ ಬಂದ ದಿನ ಎಂದದ್ದು ಕಾರ್ಖಾನೆಗೆ ಹೊಂದುವ ಮಾತಲ್ಲ. ಯಾರೂ ತಿದ್ದಲಿಲ್ಲ. ವಿನಾಯಕ ಅದು ಹೌದು ಎಂಬಂತೆ ತಲೆಯಾಡಿಸಿದ. ಅಲ್ಲಿಗೆ ಬಿಡಬಹುದಿತ್ತು. ಆದರೆ ಬಾಯಿಗೆ ಬಂದದ್ದು ನಿಲ್ಲಲಿಲ್ಲ.

"ಬೆಂಕಿ ಮೊದಲು ಕಂಡದ್ದು ಮಾತ್ರ ನೀನು" ಎಂದೆ. "ಅಣ್ಣನಿಗೆ ಹೊಗೆ ಸೈತ ಕಂಡಿರ್ಲಿಲ್ಲ. ಇಲ್ಲಿದ್ದವ್ರೆಲ್ಲ ಕೇಳಿ."

ನಾನು ಸೋತೆ ಎಂದು ಯಾರೂ ತಿಳಿಯಬೇಕಾಗಿಲ್ಲ. ಕಂಡವ ಯಾರೆಂದು ಹೇಳಿದೆ, ಅಷ್ಟೇ. ಸುಬ್ರಾಯಣ್ಣ ಯಾರು ಗೆದ್ದರೆಂದು ಹೇಳದೆ ಮಂಗಳ ಹಾಡಿ ಮುಗಿಸಿದರು. ಮಾದೇವ ಕತ್ತಲಲ್ಲಿ ಮೂಗು ಸೀಟಿಕೊಂಡು, ಮಳೆಗೆ ಶೀತವಾಯಿತು ಎಂದ.

ಮರುದಿನ ಕರೆಂಟು ಬಂತು. ಬೆಳಿಗ್ಗೆಯೇ ಮೂಲೆಯಲ್ಲಿದ್ದ ಹೊಸ ತುಂಡನ್ನು ಎಳೆದು ತಂದು ಹಳೆಯದರ ಪಕ್ಕ ಹಾಸಿದೆ. ಸೂಜಿಗೆ ನೂಲು ತುಂಬಿದೆ. ಶೆಡ್ಡಿನಲ್ಲಿ ಎಲ್ಲರೂ ಇದ್ದರು. ಹುಟ್ಟಿದಾಗಿನಿಂದ ಅವನನ್ನು ನಾನು ತಮಾ ಎಂದೋ ಹೋಯ್ ಎಂದೋ ಕರೆದವ. ಆವತ್ತು ಆ ತುದಿಗೆ ಕೇಳುವಂತೆ ಹೆಸರು ಹಿಡಿದು ಕರೆದೆ.

"ವಿನಾಯಕಾ. ಇದಕ್ಕೆ ನಿನ್ನ ಕೈ ಬೇಕು."

ಅವನು ಲುಂಗಿ ಎತ್ತಿ ಕಟ್ಟುತ್ತ ಬಂದು ಎದುರು ಕೂತ. ನೂಲಿನ ತುದಿ ಹಿಡಿದು ಎಳೆದ. ಅಪ್ಪನ ಎಳೆತ. ನಾನು ಕಟ್ಟಿದೆ. ಕೈ ಬದಲಾಯಿತು, ನಾನು ಎಳೆದೆ, ಅವನು ಕಟ್ಟಿದ. ಗಂಟಿನ ಹಿಂದೆ ಗಂಟು ಒಂದೇ ಸಮ ಕೂರುತ್ತ ಹೋಯಿತು. ಬಕೆಟಿನೊಳಗೆ ಮಿಂಚುಗೈ ಯಾರಿಗೋ ಹೊಡೆಯುತ್ತಿದ್ದ. ಅರ್ಧ ಸೇರುವೆ ಮುಗಿದಾಗ, ಅವ್ವ ಹೇಗಿದ್ದಾಳೆ ಎಂದು ಕೇಳಿದ. ಬಂದು ನೋಡು ಎಂದೆ. ಆತು ಎಂದ.

ಪೂರ್ತಿ ಮುಗಿದ ಮೇಲೆ, ತುದಿ ಸುಡುತ್ತ, ನಾನು ಕೇಳಬೇಕಾದ್ದನ್ನು ಕೇಳಿದೆ. "ನಮ್ಮ ಬೋಟಿಗೆ ಬತ್ಯಾ? ಮೂತಿಯ ಜಾಗ ಖಾಲಿ ಅದೆ."

ಅವನು ಹೆಬ್ಬೆರಳಿನಿಂದ ಬಿಸಿ ಗಂಟು ಒತ್ತಿದ.

"ಇಲ್ಲ ಅಣ್ಣ. ಅಲ್ಲಿ ನನ್ನ ಕಣ್ಣು ಅಂತಲೇ ಬಲೆ ಬಿಡ್ತ್ರು. ನಂಗೆ ಅಲ್ಲೇ ಅಡ್ಡಿಲ್ಲ."

ನನಗೆ ಹಿಡಿಸಲಿಲ್ಲ. ಹಿಡಿಸಿತು ಎಂದರೆ ಸುಳ್ಳಾದೀತು. ಆದರೆ ಅವನು ಹೇಳಿದ್ದು ನನ್ನ ಮುಖ ನೋಡಿ, ಮಾದೇವನ ಮುಖ ನೋಡಿ ಅಲ್ಲ. ಆತು ಎಂದೆ. ಸಂಜೆಯೇ ಮಾಲಕರಿಗೆ ಬೇರೆ ಒಬ್ಬನ ಹೆಸರು ಹೇಳಿದೆ. ನೂಲಹುಣ್ಣಿಮೆಗೆ ಸಮುದ್ರಕ್ಕೆ ಕಾಯಿ ಬಿಡುವಾಗ ವಿನಾಯಕ ಅವ್ವನ ಕೈ ಹಿಡಿದು ನಿಂತಿದ್ದ. ನಮ್ಮ ಬೋಟೂ ಅವನ ಬೋಟೂ ಒಂದರ ಹಿಂದೆ ಒಂದು ಅಳಿವೆ ದಾಟಿದವು.

ಧಾರಾವಾಹಿಯ ಮುಂದಿನ ಭಾಗ ಮರು ಮಳೆಗಾಲಕ್ಕೆ ಬಂತು. ಬೂದಿಮುಖ ಮುಖವಾಡ ತೆಗೆದ. ಕಾರ್ಖಾನೆಯ ಕಾವಲುಗಾರನಂತೆ. ಸಂಬಳದ ತಕರಾರಿಗೆ ಅವನೇ ಬೆಂಕಿ ಹಾಕಿದ್ದಂತೆ. ಶೆಡ್ಡಿನಲ್ಲಿ ಒಬ್ಬರೂ ಒಪ್ಪಲಿಲ್ಲ. ಇಷ್ಟು ದೊಡ್ಡ ಮುಖವಾಡಕ್ಕೆ ಇಷ್ಟು ಸಣ್ಣ ಕಾರಣವಾ ಎಂದ ಮಾದೇವ. ಬರೆದವರು ಒಂದು ಮಳೆಗಾಲ ನಮ್ಮ ಶೆಡ್ಡಿಗೆ ಬಂದು ಕೂರಬೇಕಿತ್ತು ಎಂದರು ಸುಬ್ರಾಯಣ್ಣ. ಇಮ್ತಿಯಾಜ್ ಭಾಯಿ ಕೂಡ, ನಿಮ್ಮದೇ ಚೆನ್ನಾಗಿತ್ತು ಬಿಡಿ ಎಂದು ಒಪ್ಪಿಕೊಂಡರು.

ಸುಬ್ರಾಯಣ್ಣ ಈಗ ಹಿರೇಗುತ್ತಿಯಲ್ಲೇ ಇದ್ದಾರೆ, ಕಣ್ಣು ಮಂಜಾಗಿದೆ. ಮಾದೇವ ಇನ್ನೂ ನನ್ನ ಜೊತೆಗೇ. ವಿನಾಯಕ ಹೊನ್ನಾವರದ ಬೋಟೊಂದಕ್ಕೆ ತಾಂಡೇಲನಾಗಿ ಕೆಲವು ವರ್ಷವಾಯಿತು. ಸಮುದ್ರದಲ್ಲಿ ವೈರ್‌ಲೆಸ್ಸಿನಲ್ಲಿ ಹತ್ತು ಬೋಟುಗಳ ದನಿ ಕಲಸಿಕೊಂಡು ಬರುವಾಗ ಅವನದು ನನಗೆ ಮೊದಲ ಅಕ್ಷರಕ್ಕೇ ತಿಳಿಯುತ್ತದೆ. ಹಿಂಡು ಕಂಡರೆ, ಬೆಂಕಿ ಕಂಡಿತು ಅಣ್ಣ ಎನ್ನುತ್ತಾನೆ. ಕೇಳುವ ಬೇರೆಯವರು ಗಾಬರಿಯಾಗುತ್ತಾರೆ. ನಾನು ಬೋಟು ತಿರುಗಿಸುತ್ತೇನೆ.

ಕಳೆದ ವಾರ ಶೆಡ್ಡಿನಲ್ಲಿ ಹಗ್ಗ ಸಿಕ್ಕಿದ ಮೇಲೂ ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಗೋಡೆಗೆ ಒತ್ತಿ ಇಟ್ಟಿದ್ದ ನಮ್ಮ ಹಳೇ ಬಲೆಯ ಮಡಿಕೆ ಸರಿಸಿ ನೋಡಿದೆ. ಆ ಸೇರುವೆಯ ಎರಡೂ ಕಡೆ ತೇಪೆಯ ಮೇಲೆ ತೇಪೆ ಬಿದ್ದಿದೆ. ಸೇರುವೆ ಹಾಗೇ ಇದೆ. ಲೈಟರ್ ಹಚ್ಚಿದ್ದ ಆ ಹೊಸ ಆಳು ನನ್ನನ್ನೇ ನೋಡುತ್ತಿದ್ದ. ನಾಲ್ಕು ಹಂಗಾಮಿನಿಂದ ಈ ಕರಾವಳಿಯಲ್ಲಿ ದುಡಿದವನಂತೆ, ಹೊನ್ನಾವರದ ಕಡೆಯಿಂದ ಬಂದವನಂತೆ. ಕೈಯಲ್ಲಿದ್ದ ನೂಲು ಕೆಳಗಿಟ್ಟು ಮರ್ಯಾದೆಯಿಂದಲೇ ಎದ್ದು ನಿಂತ.

"ನೀವು ವಿನಾಯಕ ತಾಂಡೇಲರ ಅಣ್ಣ ಅಲ್ದಾ?"

ಇಷ್ಟು ವರ್ಷ ಈ ಬಂದರದಲ್ಲಿ ಬೆವರು ಸುರಿಸಿದವ ನಾನು. ನನಗೂ ಒಂದು ಹೆಸರಿದೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಸುಟ್ಟ ನೂಲಿನ ವಾಸನೆ ಇನ್ನೂ ಗಾಳಿಯಲ್ಲಿತ್ತು.

"ಹೌದು" ಎಂದೆ. ಹಗ್ಗ ಹೆಗಲಿಗೆ ಹಾಕಿಕೊಂಡು ಮಳೆಗೆ ಇಳಿದೆ.